ಎಣಿಸುವ ತೊಲೆ

"ಮುಚ್ಚಿಗೆ ಕೀಳ್ತೀರೋ, ಕೀಳಿ ಅಳಿಯಂದ್ರೇ. ನಿಮ್ಮ ಮಾವನೋರೇ ಹೂಂ ಅಂದ ಮೇಲೆ ಬೇಡ ಅನ್ನಾಕೆ ನಾನ್ಯಾರು? ಆದ್ರೆ ಆ ತೊಲೆ ಕೆಳಗೆ ನಿಂತು, ಮನೇಲಿ ಎಷ್ಟು ಜನ ಇದೀವಿ ಅಂತ ಮಾತ್ರ ಯಾರೂ ಬಾಯಿ ಬಿಡಬೇಡಿ."

ಕಮಲಾಕ್ಷಮ್ಮ ಈ ಮಾತನ್ನು ಒಳಗೆ ಹೇಳಲಿಲ್ಲ. ಅಳಿಯನನ್ನು ಜಗಲಿಗೆ ಕರೆದು, ಬಾಗಿಲು ಎಳೆದುಕೊಂಡು, ದನಿ ತಗ್ಗಿಸಿ ಹೇಳಿದರು.

ಮಹಾಂತೇಶನಿಗೆ ನಗು ತಡೆಯಲಾಗಲಿಲ್ಲ. "ಅತ್ತೆ, ಕೆಲಸ ಇಲ್ಲದೋರು ಮಲಗಿ ಜಂತೆ ಎಣಿಸೋದು ಕೇಳಿದೀನಿ. ಜಂತೆನೇ ಜನರನ್ನ ಎಣಿಸೋದು ಇದೇ ಮೊದಲು ಕೇಳ್ತಿರೋದು."

"ನಗಬೇಡಿ."

"ಎಣಿಸಿದ್ರೆ ಏನಾಗ್ತದೆ?"

ಅತ್ತೆ ಆಡಬಾರದ್ದನ್ನು ಆಡಿದವರ ಹಾಗೆ ಸೆರಗಿನಿಂದ ಬಾಯಿ ಒರೆಸಿಕೊಂಡು ಒಳಗೆ ಹೋದರು.

ಮಹಾಂತೇಶ್ ದಾವಣಗೆರೆಯವನು. ಹಳೇ ಮನೆ ಕೆಡವುವಲ್ಲಿಗೆ ಹೋಗಿ ಕಂಬ, ಬಾಗಿಲು, ತೊಲೆ ಕೊಂಡು, ಕೆರೆದು, ಎಣ್ಣೆ ಕುಡಿಸಿ, ಚಿಕ್ಕಮಗಳೂರಿನ ರೆಸಾರ್ಟುಗಳಿಗೆ ಮಾರುವುದು ಅವನ ಕಸುಬು. ಮರಕ್ಕೆ ಉಗುರು ಗೀರಿ ಮೂಸಿದರೆ ಸಾಕು, ಅದು ಯಾವ ಮರ ಎಂದು ಹೇಳುತ್ತಿದ್ದ. ಅವನ ಹೆಂಡತಿ ಪುಷ್ಪಲತಾ ಮಾದಿಹಳ್ಳಿಯ ಗಂಗಾಧರಪ್ಪನವರ ಒಬ್ಬಳೇ ಮಗಳು. ಗಂಗಾಧರಪ್ಪನವರಿಗೆ ಊರಲ್ಲಿ ತೆಂಗಿನ ತೋಟ, ಅರಸೀಕೆರೆಯಲ್ಲಿ ಕೊಬ್ಬರಿ ಮಂಡಿ. ಮಗಳು, ಅಳಿಯ, ಆರು ವರ್ಷದ ಮೊಮ್ಮಗಳು ಮೇಘಶ್ರೀ ಈ ಮನೆಗೇ ಬಂದು ನೆಲೆಸಿದ್ದು ಈ ಸುಗ್ಗಿ ಮುಗಿದ ಮೇಲೆ. ಮನೆಅಳಿಯ ಅನ್ನಿಸಿಕೊಂಡವನಿಗೆ ಏನಾದರೊಂದು ಮಾಡಿ ತೋರಿಸುವ ಅವಸರ ಇದ್ದೇ ಇರುತ್ತದೆ. ಮಹಾಂತೇಶನಿಗೂ ಇತ್ತು. ಹಳೇಬೀಡು, ಬೇಲೂರು ನೋಡಲು ಬರುವವರು ತಂಗುವಂತೆ ಮನೆಯ ಮುಂಭಾಗವನ್ನು ಹೋಮ್‌ಸ್ಟೇ ಮಾಡಬೇಕೆಂದು ಹೊರಟಿದ್ದ.

"ಹಗಲೆಲ್ಲ ಕಲ್ಲು ನೋಡಿ ಸುಸ್ತಾಗಿ ಬರೋರಿಗೆ ಸಾಯಂಕಾಲ ಮರ ತೋರಿಸೋಣ ಮಾವ. ಈಗಿನ ಜನಕ್ಕೆ ಬರೀ ತೊಲೆ ಕಂಡ್ರೆ ಸಾಕು, ಕೆಳಗೆ ನಿಂತು ಫೋಟೋ ತೆಗೀತಾರೆ" ಎಂದಿದ್ದ.

ನಡುಮನೆಗೆ ಹಲಗೆಯ ಮುಚ್ಚಿಗೆ ಇತ್ತು. ಹಸಿರು ಪೇಂಟು, ಅದರ ಕೆಳಗೆ ನೀಲಿ, ಅದರ ಕೆಳಗೆ ಸುಣ್ಣ. ಅದರ ಮೇಲಿರುವ ತೊಲೆಯನ್ನು ಗಂಗಾಧರಪ್ಪನವರೇ ಕಂಡವರಲ್ಲ. ಅವರ ತಂದೆ ಹರೆಯದಲ್ಲಿದ್ದಾಗ ಮನೆಯ ಹಿರಿಯರು ಹೊಡೆಸಿದ ಮುಚ್ಚಿಗೆ ಅದು. "ನಮ್ಮಪ್ಪನ ಕಾಲದ ಹೆದರಿಕೆ ನಮ್ಮಪ್ಪನ ಜೊತೆ ಹೋಯ್ತು ಬಿಡಪ್ಪ" ಎಂದು ಅವರು ಒಪ್ಪಿಗೆ ಕೊಟ್ಟಿದ್ದರು. ಆದರೂ ಆ ಮನೆಯಲ್ಲೊಂದು ರೂಢಿ ಉಳಿದುಬಂದಿತ್ತು. "ಎಷ್ಟು ಜನ ಇದೀರಿ?" ಎಂದು ಯಾರು ಕೇಳಿದರೂ "ಇದೀವಿ, ಮನೆ ತುಂಬ" ಎಂಬುದೊಂದೇ ಉತ್ತರ. ಜನಗಣತಿಗೆ ಬಂದ ಮೇಷ್ಟ್ರನ್ನು ತೋಟದ ಬಾವಿಕಟ್ಟೆಯವರೆಗೂ ಕರೆದೊಯ್ದು, ಅಲ್ಲಿ ಬೆರಳು ಮಡಿಸಿ ತೋರಿಸಿ ಕಳಿಸಿದ್ದರು. ಊಟಕ್ಕೆ ಇಡುವಾಗ ತಟ್ಟೆ ಒಂದು ಹೆಚ್ಚೇ. ರಾಸು ಎಷ್ಟು, ಮಕ್ಕಳೆಷ್ಟು ಎಂದು ಬಾಯಿ ಬಿಟ್ಟು ಹೇಳಬಾರದು, ದೃಷ್ಟಿಯಾಗುತ್ತದೆ ಎಂದು ಈ ಸೀಮೆಯಲ್ಲಿ ಎಲ್ಲರೂ ಅನ್ನುತ್ತಾರೆ. ಇದೂ ಅಂಥದ್ದೇ ಎಂದುಕೊಂಡು ಮಹಾಂತೇಶ್ ಒಳಗೊಳಗೇ ನಕ್ಕಿದ್ದ.

ಬಡಗಿ ಪುಟ್ಟರಾಜು ಮೊದಲ ಹಲಗೆ ಕಿತ್ತಾಗ ಒಂದು ವಾಸನೆ ಇಳಿದು ಬಂತು. ಬಾವಲಿಯ ಹಿಕ್ಕೆ, ಮಸಿ, ಇಲಿಯ ಉಚ್ಚೆ ಇವೆಲ್ಲ ಇಬ್ಬರಿಗೂ ಗೊತ್ತಿದ್ದ ವಾಸನೆಗಳೇ. ಆದರೆ ಅವುಗಳ ಅಡಿಯಲ್ಲಿ ಇನ್ನೊಂದಿತ್ತು. ಒಣಗದ ಕೂದಲನ್ನು ಕಟ್ಟಿಟ್ಟರೆ ಬರುತ್ತದಲ್ಲ, ಅಂಥ ಮುಗ್ಗಲು. ಪುಟ್ಟರಾಜು ಮೂಗು ಮುಚ್ಚಿಕೊಂಡ. "ಏನ್ ಸಾಮಿ ಇದು, ಯಾರೋ ಈಗಷ್ಟೇ ತಲೆಗೆ ನೀರು ಹುಯ್ಕೊಂಡಂಗೈತೆ."

"ಮೇಲೆ ಯಾರೋ ಹೆಂಗಸು ಇರ್ಬೇಕು ಕಣೋ. ನಿನ್ನ ಮದುವೆಗೆ ನೋಡೋಣ್ವಾ?" ಎಂದ ಮಹಾಂತೇಶ್.

ಪುಟ್ಟರಾಜು ನಗಲಿಲ್ಲ.

ಸಂಜೆಯೊಳಗೆ ಹಲಗೆಗಳೆಲ್ಲ ಕೆಳಗಿಳಿದವು. ಗೆದ್ದಲು ತಿಂದು ಜೊಳ್ಳಾದ ಹಲಗೆಗಳು. ಅವನ್ನು ಸೌದೆ ಮಾಡಿ ಬಚ್ಚಲೊಲೆಯ ಪಕ್ಕ ಒಟ್ಟಿಸಿದ. ಮೇಲೆ ತೊಲೆ ಗೋಡೆಯಿಂದ ಗೋಡೆಗೆ ಉದ್ದಕ್ಕೂ ಮಲಗಿತ್ತು. ಅದರ ಮೈಗೆ ಸುಣ್ಣ, ವಿಭೂತಿ ಕಲಸಿ ಬೆರಳ ಗಾತ್ರಕ್ಕೆ ಮೆತ್ತಿದ್ದರು. ಸುಟ್ಟ ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಒಂದು ಎಳೆ ಮರವೂ ಕಾಣದಂತೆ ಮುಚ್ಚಿತ್ತು. ಮಹಾಂತೇಶ್ ಏಣಿ ಹತ್ತಿ ಉಳಿಯಿಂದ ಕೆರೆದ. ಹಕ್ಕಳೆ ಹಕ್ಕಳೆಯಾಗಿ ಉದುರಿತು. ಆಮೇಲೆ ಮಷೀನು ಹಾಕಿ ಉಜ್ಜಿದ. ಕೊನೆಗೆ ಉಪ್ಪು ಕಾಗದ ಹಿಡಿದು ಕೈಯಲ್ಲೇ ತಿಕ್ಕಿದ. ಕೆಂಪು ಹಳದಿ ಬಣ್ಣದ ಹೊನ್ನೆ ಮರ ಮೈ ಬಿಟ್ಟುಕೊಂಡು ಹೊರಬಂತು. ಇಂಥ ತೊಲೆ ಅವನು ಎಲ್ಲೂ ನೋಡಿರಲಿಲ್ಲ. ನಡುಮಧ್ಯದಲ್ಲಿ ಮಾತ್ರ ಒಂದು ಕಡೆ ಮರ ಒಳಕ್ಕೆ ಸವೆದಿತ್ತು. ಒಂದರ ಪಕ್ಕ ಒಂದು ಸಣ್ಣ ಗುಳಿಗಳು. ಮುಷ್ಟಿ ಕಟ್ಟಿ ಅಲ್ಲಿ ಒತ್ತಿದ. ಗೆಣ್ಣಿಗೊಂದು ಗುಳಿ, ಆದರೆ ಅವನ ಗೆಣ್ಣುಗಳು ಪೂರ್ತಿ ಕೂರಲಿಲ್ಲ. ಅವನ ಕೈಗಲ್ಲ, ಅವನಿಗಿಂತ ಚಿಕ್ಕ ಕೈಗೆ ಅಳತೆಯಾದ ಗುಳಿಗಳು.

ಎಣ್ಣೆ ಕುಡಿಸಿದ ದಿನ, ದೀಪ ಹಚ್ಚುವ ಹೊತ್ತಿಗೆ, ಎಲ್ಲರನ್ನೂ ಕರೆದು ತೋರಿಸಿದ. ಗಂಗಾಧರಪ್ಪನವರು ಕನ್ನಡಕ ಏರಿಸಿ "ಭಲೇ!" ಎಂದರು. ಪುಷ್ಪಲತಾ ಫೋಟೋ ತೆಗೆದಳು. ಮೇಘಾ ಅಪ್ಪನ ಹೆಗಲೇರಿ ತೊಲೆ ಮುಟ್ಟಿ "ಬೆಚ್ಚಗಿದೆ ಅಪ್ಪಾಜಿ" ಎಂದಳು. ಕಮಲಾಕ್ಷಮ್ಮ ಮಾತ್ರ ಹೊಸಿಲು ದಾಟಿ ಬರಲಿಲ್ಲ.

ಹೊಗಳಿಕೆ ಮನುಷ್ಯನಿಗೆ ಹೆಂಡಕ್ಕಿಂತ ಬೇಗ ತಲೆಗೇರುತ್ತದೆ. ಮಹಾಂತೇಶ್ ಅತ್ತೆಯ ಕಡೆ ಕಣ್ಣು ಮಿಟುಕಿಸಿ, ತಲೆಯೆತ್ತಿ, ತೊಲೆಗೆ ಹೇಳಿದ: "ಐದು ಜನ ಕಣಪ್ಪಾ. ಮಾವ, ಅತ್ತೆ, ನಾನು, ಪುಷ್ಪಾ, ಮೇಘಾ. ಐದೇ. ನೆನಪಿಟ್ಕೋ."

"ಅಯ್ಯಯ್ಯೋ!" ಕಮಲಾಕ್ಷಮ್ಮ ಓಡಿಬಂದು ಅಳಿಯನ ಬಾಯಿಯ ಮೇಲೆ ಕೈಯಿಟ್ಟರು. ಅತ್ತೆಯಾದವಳು ಅಳಿಯನ ಮೈ ಮುಟ್ಟುವುದುಂಟೆ?

ಟಕ್.

ಎಲ್ಲರೂ ಮೇಲೆ ನೋಡಿದರು.

ಟಕ್. ಟಕ್. ಟಕ್. ಟಕ್.

ಬಾಗಿಲು ಬಡಿದ ಹಾಗೆ. ಮರದ ಒಳಗಿನಿಂದ.

"ಒಣಗಿದ ಮರ ಎಣ್ಣೆ ಕುಡೀತಿದೆ. ಕುಡಿಯುವಾಗ ಸದ್ದು ಮಾಡ್ತದೆ, ಮಾವ ಕಾಫಿ ಕುಡಿದಂಗೆ" ಎಂದ ಮಹಾಂತೇಶ್. ಮೇಘಾ ಕಿಲಕಿಲ ನಕ್ಕಳು. ಪುಟ್ಟರಾಜು ಉಳಿ, ಸುತ್ತಿಗೆ ಚೀಲಕ್ಕೆ ತುಂಬಿಕೊಂಡು ಕೂಲಿಯನ್ನೂ ಕೇಳದೆ ಹೋದ. ಮತ್ತೆ ಬರಲಿಲ್ಲ.

ಅಂದಿನಿಂದ ದಿನವೂ ದೀಪ ಹಚ್ಚುವ ಹೊತ್ತಿಗೆ ತೊಲೆ ಐದು ಸಲ ಬಡಿಯುತ್ತಿತ್ತು. ಮೇಘಾ ಕೆಳಗೆ ಕೂತು ಚಪ್ಪಾಳೆ ತಟ್ಟಿ ಲೆಕ್ಕ ಒಪ್ಪಿಸುತ್ತಿದ್ದಳು. ಮಹಾಂತೇಶ್ ಕೆಲಸ ನಿಲ್ಲಿಸಲಿಲ್ಲ. ಪಕ್ಕದ ಜಂತೆಗಳನ್ನು ಒಬ್ಬನೇ ಉಜ್ಜಿದ. ನೆಲದ ತುಂಬ ಕೆಂಪು ಪುಡಿ, ಎಷ್ಟು ಗುಡಿಸಿದರೂ ಹೋಗದ ನುಣ್ಣನೆಯ ಪುಡಿ.

ಒಂದು ಸಂಜೆ ಕಮಲಾಕ್ಷಮ್ಮ ಒಳಗೆ ಮುದ್ದೆ ತಿರುವುತ್ತಿದ್ದರು. ತೊಲೆ ಬಡಿಯಿತು.

ಟಕ್. ಟಕ್. ಟಕ್. ಟಕ್.

ಆಮೇಲೆ ಏನಿಲ್ಲ.

ಮುದ್ದೆಕೋಲು ಕೆಳಗೆ ಬಿದ್ದ ಸದ್ದು. ಕೈಯೆಲ್ಲ ಹಿಟ್ಟು ಮಾಡಿಕೊಂಡು ಕಮಲಾಕ್ಷಮ್ಮ ಬಂದು ನಿಂತರು. ಮಗಳನ್ನೂ ಅಳಿಯನನ್ನೂ ಹಿತ್ತಲಿಗೆ ಎಳೆದುಕೊಂಡು ಹೋದರು. ಕೊಟ್ಟಿಗೆಯ ಹಿಂದೆ ನಿಂತು ಹೇಳಿದ್ದು ಇಷ್ಟು.

ಗಂಗಾಧರಪ್ಪನವರ ತಾತ ಈ ಮನೆ ಕಟ್ಟಿಸುವಾಗ ತೊಲೆಗೆಂದು ಒಬ್ಬ ವಿಧವೆಯ ಹೊಲದ ಬದುವಿನ ಹೊನ್ನೆ ಮರ ಕಡಿಸಿದರು. ಅವಳ ಹೆಸರು ಮಾದಮ್ಮ. ಕೇಳಿ ಕಡಿಸಿದ್ದಲ್ಲ. ಅವಳ ಮಕ್ಕಳಿಗೆಲ್ಲ ತೊಟ್ಟಿಲು ಕಟ್ಟಿದ ಮರ ಅದು. ಆ ಮಕ್ಕಳೆಲ್ಲ ಪ್ಲೇಗಿನಲ್ಲಿ ಹೋಗಿ ಮರವೊಂದೇ ಉಳಿದಿತ್ತು. ತೊಲೆ ಏರಿಸುವ ದಿನ ಮಾದಮ್ಮ ಬಂದಳು. ಅಳಲಿಲ್ಲ, ಬೈಯಲಿಲ್ಲ. ಯಾವ ಮಂತ್ರವಾದಿಯ ಹತ್ತಿರ ಏನು ಕಲಿತು ಬಂದಿದ್ದಳೋ, ತಲೆಗೆ ನೀರು ಹುಯ್ದುಕೊಂಡು ಒದ್ದೆ ಕೂದಲಲ್ಲೇ ಬಂದು ತೊಲೆಯ ಪಕ್ಕ ಕೂತಳು. "ಮನೇಲಿ ಎಷ್ಟು ಜನ ಇದೀರವ್ವಾ?" ಎಂದು ನಯವಾಗಿ ಕೇಳಿದಳು. ಹೊಸ ಮನೆಯ ಸೊಕ್ಕಿನಲ್ಲಿ ಮನೆಯ ಹಿರೀ ಸೊಸೆ "ಒಂಬತ್ತು" ಎಂದಳು. ಮಾದಮ್ಮ ಮುಷ್ಟಿ ಕಟ್ಟಿ ತೊಲೆಗೆ ಒಂಬತ್ತು ಸಲ ಬಡಿದು, ಎದ್ದು ಹೋದಳು.

"ಅಂದಿಂದ ತೊಲೆ ತಾನೇ ಒಂಬತ್ತು ಬಡೀತಿತ್ತಂತೆ. ಎಂಟು ಬಡಿದಾಗ ಎಂಟೇ ಜನ ಉಳಿದ್ರು" ಎಂದರು ಕಮಲಾಕ್ಷಮ್ಮ. "ಹೆಂಗೆ ಅಂತೀರಾ? ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಮೊದ್ಲು ಮರೀತಾರೆ ಕಣ್ರೀ. ಲೆಕ್ಕಕ್ಕೆ ಬರದೋರು ಮನಸ್ಸಿಗೂ ಬರಲ್ಲ. ನಮ್ಮ ಮಾವನೋರ ತಮ್ಮ, ಹದಿನಾರು ವರ್ಷದ ಹುಡುಗ, ರಾಗಿ ಎತ್ತಾಕೆ ಅಂತ ಹಗೇವಿನೊಳಗೆ ಇಳಿದಿದ್ದ. ಮೇಲಿದ್ದೋರು ರಾಗಿ ತಗೊಂಡ್ರು, ಚಪ್ಪಡಿ ಮುಚ್ಚಿ ಮಣ್ಣು ಎಳೆದ್ರು, ಮನೆಗೆ ಬಂದು ಉಂಡು ಮಲಗಿದ್ರು. ಹೆತ್ತ ತಾಯಿನೂ ಉಂಡು ಮಲಗಿದ್ಲು. ಅವನು ಒಳಗೆ ಉಸಿರು ಕಟ್ಟಿ ಸತ್ತ ಮೇಲೆ ಎಲ್ರಿಗೂ ಒಟ್ಟಿಗೆ ನೆನಪಾಯ್ತಂತೆ."

ಪುಷ್ಪಲತಾ ಬಾಯಿಗೆ ಸೆರಗು ತುರುಕಿಕೊಂಡಳು.

"ಕೊನೆಗೆ ಮಠದ ಬುದ್ಧಿಯೋರು ಬಂದು ವಿಭೂತಿ ಮೆತ್ತಿಸಿ ಮುಚ್ಚಿಗೆ ಹೊಡೆಸಿದ್ರು. ಅದಕ್ಕೆ ನಾವು ಕಾಣದೆ ಇದ್ರೆ ಅದು ಎಣಿಸಾಕಿಲ್ಲ. ಎಣಿಸಿದ್ರೂ ಮನೆಯೋರ ಬಾಯಿಂದ ಬಂದ ಲೆಕ್ಕನೇ ಅದಕ್ಕೆ ಲೆಕ್ಕ. ನೀವು ಬಾಯಾರೆ ಕೊಟ್ರಲ್ಲ ಅಳಿಯಂದ್ರೇ."

ಮಹಾಂತೇಶ್ "ಅತ್ತೆ, ಸುಮ್ನಿರಿ" ಎಂದ. ಆದರೆ ಒಳಗೆ ಬಂದವನು ತೊಲೆಯ ಕೆಳಗೆ ಹಾಯದೆ ಗೋಡೆ ಬದಿಯಲ್ಲೇ ನಡೆದ.

ಬೆಳಿಗ್ಗೆ ಪುಷ್ಪಲತಾ ದೋಸೆಗೆ ತಟ್ಟೆ ಇಟ್ಟಳು. ಯಾವಾಗಲೂ ಒಂದು ಹೆಚ್ಚೇ ಇರುತ್ತಿದ್ದ ಮನೆಯಲ್ಲಿ ಅಂದು ನಾಲ್ಕೇ ತಟ್ಟೆ. ಎಲ್ಲರೂ ಕೂತರು. ಚಟ್ನಿ ಚೆನ್ನಾಗಿದೆ ಎಂದು ಗಂಗಾಧರಪ್ಪನವರು ಎರಡನೇ ದೋಸೆ ಹಾಕಿಸಿಕೊಂಡರು. ಮೇಘಾ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳು. ಯಾರೂ ಅವಳನ್ನು ಕರೆಯಲಿಲ್ಲ. ತಿಂದು ಕೈ ತೊಳೆಯುವಾಗ ಮಹಾಂತೇಶನ ಕಣ್ಣಿಗೆ ಅವಳು ಬಿದ್ದಳು. ಬಿದ್ದಳು ಎಂದರೆ, ಅಲ್ಲೊಂದು ಮಗುವಿದೆ, ಅದು ತನ್ನದು ಎಂಬುದು ನಿಧಾನವಾಗಿ, ನೀರಿನ ತಳದಿಂದ ಎದ್ದ ಹಾಗೆ ಮನಸ್ಸಿಗೆ ಬಂತು.

"ತಿಂಡಿ ತಿನ್ಲಿಲ್ವೇನೇ?"

"ನನ್ನ ಎಣಿಸಲ್ವಂತೆ ಅಪ್ಪಾಜಿ" ಎಂದಳು ಮೇಘಾ. ಅಳುತ್ತಿರಲಿಲ್ಲ. "ಅಜ್ಜ, ಅಜ್ಜಿ, ಅಪ್ಪಾಜಿ, ಅಮ್ಮ. ಅಷ್ಟೇ ಅಂತೆ."

"ಯಾರೇ ಹೇಳಿದ್ದು?"

ಮಗು ಮೇಲೆ ನೋಡಿತು.

ಅಂದು ಶಾಲೆಯ ವ್ಯಾನು ಮನೆ ಮುಂದೆ ನಿಲ್ಲಲಿಲ್ಲ. ಮೇಘಾ ಕೈಯೆತ್ತಿ ನಿಂತಿದ್ದಳು, ಡ್ರೈವರು ಅವಳ ತಲೆಯ ಮೇಲಿಂದ ಆಚೆ ನೋಡುತ್ತ ಹೋದ. ಮಧ್ಯಾಹ್ನ ಪುಷ್ಪಲತಾ ಬಚ್ಚಲಿಗೆ ಹೊರಗಿನಿಂದ ಚಿಲಕ ಹಾಕಿದಳು, ಮಗು ಒಳಗೇ ಇತ್ತು. ಬಡಿದು ಬಡಿದು ಅದರ ಕೈ ಕೆಂಪಾಗಿತ್ತು. ಪುಷ್ಪಲತಾ ಮಗಳನ್ನು ಎದೆಗವಚಿಕೊಂಡು "ನಾನು ಹೆತ್ತೋಳು ಕಣ್ರೀ, ನಂಗೇ ಗೊತ್ತಾಗ್ಲಿಲ್ಲ" ಎಂದು ಗೋಳಾಡಿದಳು.

ಮಹಾಂತೇಶನ ನಗು ಅಂದಿಗೆ ಮುಗಿಯಿತು. ಹಲಗೆಗಳನ್ನು ಹುಡುಕಿಕೊಂಡು ಬಚ್ಚಲೊಲೆಗೆ ಓಡಿದ. ಬೂದಿ ಇತ್ತು. ಟಾರ್ಪಾಲು ತಂದು ತೊಲೆಗೆ ಮೊಳೆ ಹೊಡೆದ. ಮೊಳೆ ಒಂದೂ ಇಳಿಯಲಿಲ್ಲ, ಬಾಗಿ ಬಾಗಿ ಬಿದ್ದವು. ಹಗ್ಗದಲ್ಲಿ ಬಿಗಿದ. ಗಂಟು ಅವನ ಕಣ್ಣೆದುರೇ ಸಡಿಲಿತು. ಸುಣ್ಣ ಕಲಸಿ ಎರಚಿದ. ಎಣ್ಣೆ ಕುಡಿದ ಮರದ ಮೇಲೆ ಸುಣ್ಣ ನಿಲ್ಲದೆ, ಕೆಂಪಗಾಗಿ, ಅವನ ಮುಖದ ಮೇಲೇ ತೊಟ್ಟಿಕ್ಕಿತು. ಹೊನ್ನೆ ಮರ ಕೆಂಪು ಬಿಡುತ್ತದೆ, ಅದು ಅವನಿಗೆ ಗೊತ್ತಿತ್ತು. ಆದರೆ ಹೊನ್ನೆ ಬಿಡುವ ಕೆಂಪಿಗೆ ಒದ್ದೆ ಕೂದಲ ವಾಸನೆ ಇರುವುದಿಲ್ಲ.

"ಬಾಗಿಲು ಹಾಕ್ಕೊಂಡು ಅರಸೀಕೆರೆಗೆ ಹೋಗಿಬಿಡೋಣ. ಮಂಡಿ ಮೇಲಿನ ರೂಮಲ್ಲಿ ಇರೋಣ. ಮನೆ ಹಾಳಾಗ್ಲಿ, ಕೂಸು ಉಳೀಲಿ" ಎಂದರು ಗಂಗಾಧರಪ್ಪನವರು. ಅವರ ದನಿ ಒಡೆದಿತ್ತು.

ಮೇಘಾಳ ಕೈಯನ್ನು ಯಾರಾದರೊಬ್ಬರು ಹಿಡಿದೇ ಇರಬೇಕು ಎಂದು ಮಾತಾಯಿತು. ಬಟ್ಟೆ ತುಂಬಿದರು. ಹಾಲು ಕರೆದು ರಾಸುಗಳನ್ನು ಪಕ್ಕದ ಮನೆಯ ಕೆಂಚಪ್ಪನಿಗೆ ಒಪ್ಪಿಸಿದರು. ಕಾರಿಗೆ ಗಂಟು ಏರಿಸಿದರು. ಪುಷ್ಪಲತಾ ಬೀಗ ಹಾಕಿದಳು.

"ಎಲ್ಲ ಬಂದ್ವಾ?" ಎಂದ ಮಹಾಂತೇಶ್.

"ಬಂದ್ವಿ" ಎಂದಳು ಪುಷ್ಪಲತಾ.

ಕಾರು ಹೊರಟಿತು. ಹಳೇಬೀಡು ದಾಟಿದರು. ಆಮೇಲೆ ಎದೆಯ ಭಾರ ಇಳಿದ ಹಾಗಾಯಿತು. ಕಮಲಾಕ್ಷಮ್ಮ ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತರು. ಗಂಗಾಧರಪ್ಪನವರು ರಸ್ತೆ ಪಕ್ಕದ ತೋಟ ನೋಡಿ, ನುಸಿ ಬಿದ್ದ ತೆಂಗಿನ ಬಗ್ಗೆ ಏನೋ ಅಂದರು. ಹಿಂದಿನ ಸೀಟಿನಲ್ಲಿ ಅತ್ತೆ ಮತ್ತು ಪುಷ್ಪಲತಾರ ನಡುವೆ ಬಟ್ಟೆಯ ಗಂಟಿಗೆ ಬೇಕಾದಷ್ಟು ಜಾಗವಿತ್ತು. ಜಾವಗಲ್ಲಿನಲ್ಲಿ ಎಳನೀರಿಗೆ ನಿಲ್ಲಿಸಿದರು.

"ಎಷ್ಟು ಕೊಡ್ಲಿ ಸಾರ್?"

"ನಾಲ್ಕು."

ಮಹಾಂತೇಶ್ ಎಳನೀರು ಕುಡಿದು, ಕತ್ತಲಾಗುವುದರೊಳಗೆ ಊರು ಸೇರಬಹುದೇ ಎಂದು ಎಡಗೈ ಎತ್ತಿ ಹೊತ್ತು ನೋಡಿದ.

ಮಣಿಕಟ್ಟಿನಲ್ಲಿ ವಾಚು ಇರಲಿಲ್ಲ. ನೀಲಿ ಪೆನ್ನಿನಲ್ಲಿ ಬರೆದ ವಾಚು ಇತ್ತು. ಸೊಟ್ಟ ವೃತ್ತ, ಎರಡು ಮುಳ್ಳು, ಸುತ್ತಲೂ ಪಟ್ಟಿ. ಪಟ್ಟಿಯ ಮೇಲೊಂದು ಹೂವು.

ಇದನ್ನು ಯಾರು ಬರೆದರು?

ನೋಡುತ್ತ ನಿಂತ. ಬೆವರಿಗೆ ಮುಳ್ಳೊಂದು ಕದಡಿತ್ತು. ಯಾರೋ ತೊಡೆಯ ಮೇಲೆ ಕೂತಿದ್ದರು. ನಾಲಗೆ ಹೊರಚಾಚಿ, ಪೆನ್ನು ಒತ್ತಿ ಹಿಡಿದು. "ಅಲ್ಲಾಡಬೇಡಿ" ಎಂದಿದ್ದರು. ಯಾರು? ಮುಖ ಬರುತ್ತಿಲ್ಲ. ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿದೆ. ಎರಡು ಜಡೆ. ಮುಂದಿನ ಹಲ್ಲೊಂದು ಇಲ್ಲ.

ಎಳನೀರಿನ ಬುರುಡೆ ಕೈಯಿಂದ ಜಾರಿತು.

"ಹತ್ತಿ! ಹತ್ತಿ ಕಾರು!"

"ಏನ್ರೀ, ಏನ್ ಮರೆತು ಬಂದ್ರಿ?" ಎಂದಳು ಪುಷ್ಪಲತಾ.

"ಮೇಘಾ."

"ಯಾವ ಮೇಘಾ?"

ಅವಳ ಮುಖ ಶಾಂತವಾಗಿತ್ತು. ಮಹಾಂತೇಶ್ ಮಣಿಕಟ್ಟು ಅವಳ ಕಣ್ಣಿಗೆ ಹಿಡಿದ. ಅವಳು ನೋಡಿದಳು. ಆಮೇಲೆ ಅವಳ ಬಾಯಿಂದ ಹೊರಟ ಕೂಗಿಗೆ ಎಳನೀರಿನವನು ಮಚ್ಚು ಕೆಳಗಿಟ್ಟ.

ವಾಪಸು ದಾರಿ ಎಷ್ಟು ಹೊತ್ತು ಹಿಡಿಯಿತೋ ಮಹಾಂತೇಶನಿಗೆ ತಿಳಿಯದು. ಹಾರನ್ನಿನ ಮೇಲಿಂದ ಕೈ ತೆಗೆಯಲಿಲ್ಲ. ಪಕ್ಕದಲ್ಲಿ ಮಾವ "ಶಿವ ಶಿವ" ಅನ್ನುತ್ತಿದ್ದರು. ಹಿಂದಿನಿಂದ ಪುಷ್ಪಲತಾ "ಹೆಸರು ಹೇಳ್ತಾನೇ ಇರಿ, ನಾನು ಮರೀತಿದೀನಿ, ಹೇಳ್ತಾನೇ ಇರಿ" ಎಂದು ಅವನ ಹೆಗಲು ಅಲುಗಿಸುತ್ತಿದ್ದಳು. ಅವನು ಹೇಳಿದ. ಮೇಘಾ. ಮೇಘಾ. ಮೇಘಶ್ರೀ. ಪ್ರತಿ ಸಲವೂ ಆ ಹೆಸರು ನಾಲಗೆಯ ಮೇಲೆ ಇನ್ನಷ್ಟು ಹಗುರವಾಗುತ್ತಿತ್ತು, ಅರ್ಥವಿಲ್ಲದ ಸದ್ದಾಗುತ್ತಿತ್ತು.

ಮಾದಿಹಳ್ಳಿ ಮುಟ್ಟುವಾಗ ಹೊತ್ತು ಮುಳುಗಿತ್ತು. ಮಹಾಂತೇಶ್ ಬೀಗ ತೆಗೆದು ಒಳಗೆ ನುಗ್ಗಿದ. ಬೆನ್ನಿಗೇ ಪುಷ್ಪಲತಾ.

ನಡುಮನೆ ಕಪ್ಪಗಿತ್ತು. ಮುಗ್ಗಲು ಉಸಿರು ಕಟ್ಟಿಸುವಷ್ಟಿತ್ತು. ಸ್ವಿಚ್ಚು ಒತ್ತಿದ. ದೀಪ ಬರಲಿಲ್ಲ. ಮೊಬೈಲಿನ ಬೆಳಕು ಬಿಟ್ಟ.

ಯಾರೂ ಇಲ್ಲ.

"ಮೇಘಾ!" ಅಡುಗೆಮನೆ. ಇಲ್ಲ. ಕೋಣೆ. ಇಲ್ಲ. ಬಚ್ಚಲು. ಇಲ್ಲ.

ಬೆಳಕು ನೆಲಕ್ಕೆ ಬಿತ್ತು. ನೆಲದ ಮೇಲೆ ಕೆಂಪು ಪುಡಿ. ಪುಡಿಯ ಮೇಲೆ ಹೆಜ್ಜೆ. ಪುಟ್ಟ ಹೆಜ್ಜೆ, ಐದೂ ಬೆರಳು ಮೂಡಿದ ಬರಿಗಾಲು. ಬಾಗಿಲಿಗೆ ಹೋಗಿವೆ, ತಿರುಗಿ ಬಂದಿವೆ. ಕಿಟಕಿಗೆ ಹೋಗಿವೆ, ತಿರುಗಿ ಬಂದಿವೆ. ಎಷ್ಟು ಸಲ ಓಡಾಡಿದೆಯೋ ಮಗು.

ಅವನು ನೋಡುತ್ತಿದ್ದಂತೆಯೇ ಇನ್ನೊಂದು ಹೆಜ್ಜೆ ಮೂಡಿತು.

ಅವನ ಎದುರಿಗೇ. ಗಾಳಿಯಿಂದ ಇಳಿದಂತೆ. ಮತ್ತೊಂದು. ಪುಷ್ಪಲತಾಳ ಕಡೆಗೆ. ಅವಳ ಸೀರೆಯ ನೆರಿಗೆ ಸ್ವಲ್ಪವೇ ಎಳೆದಂತಾಯಿತು. "ಎಲ್ಲಿ? ಎಲ್ಲೀ ನನ್ನ ಮಗು?" ಎಂದು ಪುಷ್ಪಲತಾ ನೆರಿಗೆ ಕೊಡವಿಕೊಂಡು ಆ ಹೆಜ್ಜೆಗಳನ್ನೇ ತುಳಿದುಕೊಂಡು ಕೋಣೆಗೆ ಓಡಿದಳು.

ಹೆಜ್ಜೆಗಳು ಹಿಂದೆ ಸರಿದವು. ತೊಲೆಯ ಕೆಳಗೆ ಬಂದವು. ಒಂದು ಹೆಜ್ಜೆಗಿಂತ ಇನ್ನೊಂದು ಮಸುಕು. ಬೆರಳು ಅಳಿದವು. ಹಿಮ್ಮಡಿ ಅಳಿಯಿತು. ಆಮೇಲಿನದು ಬೆಕ್ಕು ಮೂಸಿದಷ್ಟು ಗುರುತು.

ಟಕ್.

"ಐದು!" ಮಹಾಂತೇಶ್ ಮೇಲೆ ನೋಡಿ ಕಿರುಚಿದ. "ಐದು ಜನ! ಐದು!"

ಟಕ್. ಟಕ್. ಟಕ್.

ನಿಂತಿತು. ಇಳಿದ ಲೆಕ್ಕ ಏರುವುದಿಲ್ಲ. ನಾಲ್ಕು ಎಂದರೆ ನಾಲ್ಕೇ. ಆ ನಾಲ್ಕು ಯಾರು ಎಂಬುದು ಮಾತ್ರ, ಅತ್ತೆ ಅಂದ ಹಾಗೆ, ಮನೆಯವರ ಬಾಯಲ್ಲಿತ್ತು.

ಇದು ಹೊಳೆದಾಗ ಅವನ ಹೆದರಿಕೆಗೆ ಒಂದು ತಳ ಸಿಕ್ಕಿತು. ಏಣಿ ಇನ್ನೂ ಅಲ್ಲೇ ಇತ್ತು. ಹತ್ತಿದ. ಗುಳಿಬಿದ್ದ ಜಾಗಕ್ಕೆ ಮುಷ್ಟಿ ಇಟ್ಟ. ಮರ ಬೆಚ್ಚಗಿತ್ತು, ಒದ್ದೆಯಾಗಿತ್ತು, ಉಸಿರಾಡುತ್ತಿತ್ತು. ಬಾಗಿಲ ಬಳಿ ಕಮಲಾಕ್ಷಮ್ಮ ನಿಂತಿದ್ದರು. ಅವನೇನು ಮಾಡುತ್ತಾನೆಂದು ಅವರಿಗೆ ತಿಳಿದುಹೋಯಿತು.

"ಬೇಡ ಅಳಿಯಂದ್ರೇ! ನನ್ನ ಹೆಸರು ಬಿಡಿ, ನಾನು ಬಾಳಿ ಮುಗಿಸಿದೋಳು, ನನ್ನ ಬಿಟ್ಟು..."

ಕೇಳಿಸಿಕೊಂಡರೆ ಒಪ್ಪಿಬಿಡುತ್ತೇನೆ ಎಂದು ಅವನಿಗೆ ಭಯವಾಯಿತು. ಅವಸರದಲ್ಲಿ ಹೇಳಿದ:

"ಗಂಗಾಧರಪ್ಪ." ಬಡಿದ.

"ಕಮಲಾಕ್ಷಮ್ಮ." ಬಡಿದ.

"ಪುಷ್ಪಲತಾ." ಬಡಿದ. ಗೆಣ್ಣು ಸುಲಿಯಿತು.

ನಾಲ್ಕನೆಯ ಹೆಸರು ಬಾಯಿಗೆ ಬರಲಿಲ್ಲ. ಯಾರೋ ಇದ್ದಾರೆ. ಇನ್ನೊಬ್ಬರು ಇದ್ದಾರೆ. ಮಣಿಕಟ್ಟು ನೋಡಿದ. ಬೆವರಿಗೆ ವಾಚು ಕರಗಿ ಹೂವೊಂದೇ ಉಳಿದಿತ್ತು. ಕೊಬ್ಬರಿ ಎಣ್ಣೆ. ಎರಡು ಜಡೆ. ಬಿದ್ದ ಹಲ್ಲು.

"ಮೇಘಶ್ರೀ. ನನ್ನ ಮಗಳು ಮೇಘಶ್ರೀ. ಈ ಮನೇಲಿರೋರು ಇಷ್ಟೇ ಜನ."

ಬಡಿದ.

ಏನೂ ಆಗಲಿಲ್ಲ. ಆಮೇಲೆ ಒಳಗಿನಿಂದ ಯಾರೋ ನಿಧಾನವಾಗಿ, ಒಪ್ಪಿಕೊಂಡ ಹಾಗೆ ಬಡಿದರು. ಟಕ್. ಟಕ್. ಟಕ್. ಟಕ್.

ಕೆಳಗೆ ಮಗುವೊಂದು ಅಳತೊಡಗಿತು.

ಮೈಯೆಲ್ಲ ಕೆಂಪು ಪುಡಿ, ಒದ್ದೆ ಕೆನ್ನೆ, ಬಡಿದು ಬಡಿದು ಊದಿದ ಅಂಗೈ. ಪುಷ್ಪಲತಾ ಕೋಣೆಯಿಂದ ಓಡಿಬಂದು ಬಾಚಿ ಎತ್ತಿಕೊಂಡಳು. "ಬಂಗಾರಾ, ನನ್ನ ಬಂಗಾರಾ." ಕಮಲಾಕ್ಷಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಈಗಷ್ಟೇ ಯಾರಿಗೋ ಏನೋ ಹೇಳಲು ಬಾಯಿ ತೆರೆದಿದ್ದವರು, ಏನೆಂದು ಮರೆತು, ಏಣಿಯನ್ನು ನೋಡುತ್ತಿದ್ದರು. ಬರೀ ಏಣಿಯನ್ನು.

"ನಡಿಯಮ್ಮ, ಇಲ್ಲಿ ನಿಲ್ಲೋದು ಬೇಡ" ಎಂದಳು ಪುಷ್ಪಲತಾ.

ಮಹಾಂತೇಶ್ ಇಳಿದು ಅವರ ಹಿಂದೆ ನಡೆದ. ಹೆಂಡತಿಯ ಹೆಗಲು ಮುಟ್ಟಿದ. ಅವಳು ಸೊಳ್ಳೆ ಕೂತಿತೆಂಬಂತೆ ಹೆಗಲು ಕೊಡವಿದಳು. ಹೊರಗೆ ಗಂಗಾಧರಪ್ಪನವರು ಮೊಮ್ಮಗಳ ಕೆನ್ನೆಗೆ ಕೆನ್ನೆ ಒತ್ತಿ ಅತ್ತರು. "ಮಾವ" ಎಂದು ಕರೆದ. ಅವರು ಅವನನ್ನು ದಾಟಿ ಆಚೆಯ ಕತ್ತಲನ್ನು ನೋಡಿದರು. ಪುಷ್ಪಲತಾ ಡ್ರೈವರ್ ಸೀಟಿಗೆ ಕೂತು, ಅದು ತನ್ನ ಕಾಲಿಗೆ ದೂರವಾಯಿತೆಂದು, ಯಾಕೆ ಹೀಗಿದೆ ಎಂದು ಗೊಣಗಿ ಮುಂದಕ್ಕೆ ಎಳೆದುಕೊಂಡಳು.

ಕಾರು ಹೊರಟಿತು. ಅವನು ಓಡಿದ. ಹಿಂದಿನ ಗಾಜಿಗೆ ಬಡಿದ. ಮೇಘಾ ಹಿಂತಿರುಗಿ ನೋಡಿದಳು. ಮರವನ್ನೋ ಬೇಲಿಯನ್ನೋ ನೋಡುವಂತೆ ಅವನನ್ನು ನೋಡಿ, ಅಜ್ಜಿಯ ತೊಡೆಯ ಮೇಲೆ ತಲೆಯಿಟ್ಟಳು.

ರಸ್ತೆಯಲ್ಲಿ ಕೆಂಚಪ್ಪ ರಾಸು ಹೊಡೆದುಕೊಂಡು ಬರುತ್ತಿದ್ದ. ಹಸುವೊಂದು ಮಹಾಂತೇಶನನ್ನು ಬಳಸಿ ನಡೆಯಿತು. ಕೆಂಚಪ್ಪ ಬಳಸಲಿಲ್ಲ. ಭುಜಕ್ಕೆ ಭುಜ ತಗಲಿ, "ಥೂ, ಏನಪ್ಪಾ ಇದು" ಎಂದು ಸುತ್ತ ನೋಡಿ, ಯಾರೂ ಕಾಣದೆ, ಹಸುಗಳನ್ನು ಬೇಗ ಬೇಗ ಹೊಡೆದ.

ಮಹಾಂತೇಶ್ ರಸ್ತೆಯ ನಡುವೆ ನಿಂತ. ಕಾರು ಏರು ಹತ್ತುತ್ತಿತ್ತು. ಎದುರಿನಿಂದ ಲಾರಿಯೊಂದು ಬಂತು. ಅದರ ಬೆಳಕಿನಲ್ಲಿ ಕಾರಿನೊಳಗಿದ್ದವರ ತಲೆಗಳು ಕಪ್ಪಗೆ ಎದ್ದು ಕಂಡವು. ಅವನು ಕಣ್ಣು ಕಿರಿದು ಮಾಡಿ, ಬೆರಳು ಮಡಿಸಿ ಎಣಿಸಿದ.

ಒಂದು. ಎರಡು. ಮೂರು.

ಕಾರು ತಿರುವಿಗೆ ಹೊರಳಿತು. ಕುಲುಕಿಗೆ ಎಚ್ಚೆತ್ತು ಎದ್ದು ಕೂತಂತೆ, ಸೀಟಿನ ಅಂಚಿನಲ್ಲಿ ಸಣ್ಣದೊಂದು ತಲೆ ಮೇಲೆ ಬಂತು.